ಗಣಿಯ ಹೊಂಡ ತುಂಬಿದ ಮಳೆಗಾಲ

ನಾನು ಧಾರವಾಡದಿಂದ ಗೋವಾಕ್ಕೆ ಬಂದಾಗ ಇಪ್ಪತ್ತಾರು ವರ್ಷದವನು. ಬಿ.ಕಾಂ. ಮುಗಿಸಿ ಎರಡು ವರ್ಷ ಮನೆಯಲ್ಲಿ ಖಾಲಿ ಕೂತಿದ್ದೆ. ಫೋಂಡಾದಲ್ಲಿದ್ದ ಸೋದರಮಾವ ಯಾರಿಗೋ ಹೇಳಿ, ಕಬ್ಬಿಣದ ಅದಿರಿನ ಗಣಿಯೊಂದರಲ್ಲಿ ಹಾಜರಿ ಗುಮಾಸ್ತನ ಕೆಲಸ ಕೊಡಿಸಿದರು. ಫೋಂಡಾದಿಂದ ಒಳಗೆ ಬಸ್ಸಿನಲ್ಲಿ ಒಂದು ತಾಸಿನ ಹಾದಿ. ಊರು ಎನ್ನಬೇಕೋ ಪೇಟೆ ಎನ್ನಬೇಕೋ ತಿಳಿಯದಂಥ ಜಾಗ. ಒಂದು ದೇವಸ್ಥಾನ, ಕ್ರೈಸ್ತರದೊಂದು ಪುಟ್ಟ ಚಾಪೆಲ್, ಪಂಚಾಯತಿ ಕಟ್ಟಡ, ಆರೇಳು ಅಂಗಡಿ, ಲೆಕ್ಕವಿಲ್ಲದಷ್ಟು ಗ್ಯಾರೇಜು. ಮೊದಲ ದಿನ ಬಸ್ಸಿನಿಂದ ಇಳಿದವನ ಬಿಳಿ ಅಂಗಿ ಗಣಿ ಕಚೇರಿ ಮುಟ್ಟುವಷ್ಟರಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅದಾದ ಮೇಲೆ ನಾನು ಬಿಳಿ ಅಂಗಿ ಹೊಲಿಸಲಿಲ್ಲ.

ಅಲ್ಲಿ ಇಪ್ಪತ್ತೈದು ವರ್ಷ ಇದ್ದೆ. ಮದುವೆಯಾಗಿ ಹೆಂಡತಿ ಬಂದದ್ದು ಅಲ್ಲಿಗೇ. ನಮ್ಮ ಬಾಡಿಗೆ ಮನೆಯ ಒಡತಿ ಒಬ್ಬ ವಯಸ್ಸಾದ ವಿಧವೆ. ಊರವರೆಲ್ಲ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಗುಡ್ಡದ ಕೆಳಗಿನ ತಗ್ಗಿನಲ್ಲಿ ಅವರದೊಂದು ಗದ್ದೆ. ಗದ್ದೆಯ ಅಂಚಿಗೇ ಅವರ ಮನೆ, ಪಕ್ಕದಲ್ಲಿ ನಮಗೆ ಕೊಟ್ಟಿದ್ದ ಎರಡು ಕೋಣೆ. ಅವರು ಮಾತಾಡುತ್ತಿದ್ದದ್ದು ಕೊಂಕಣಿ. ಇಷ್ಟು ವರ್ಷ ಕೇಳಿ ಕೇಳಿ ಅದು ನನ್ನ ತಲೆಯಲ್ಲಿ ಕನ್ನಡವಾಗಿಯೇ ಉಳಿದಿದೆ, ಹಾಗೇ ಬರೆಯುತ್ತೇನೆ.

ಊರಿನ ಹಳೆಯ ಕಥೆ ನನಗೆ ಗೊತ್ತಾದದ್ದು ಅವರಿಂದಲೇ. ಅವರು ಮದುವೆಯಾಗಿ ಬಂದಾಗ ಗುಡ್ಡದ ತುಂಬ ಗೇರು ಮರಗಳಿದ್ದವಂತೆ. ಮೊದಮೊದಲು ಹೆಂಗಸರೇ ಅದಿರನ್ನು ಬುಟ್ಟಿಯಲ್ಲಿ ತಲೆ ಮೇಲೆ ಹೊತ್ತು ಗುಡ್ಡ ಇಳಿಸುತ್ತಿದ್ದರು, ಮಾವಶಿಯೂ ಎರಡು ಬೇಸಿಗೆ ಹೊತ್ತಿದ್ದರು. ಆಮೇಲೆ ಯಂತ್ರ ಬಂತು, ಟ್ರಕ್ಕು ಬಂತು. ಮನೆಗೊಂದು ಟ್ರಕ್ಕಾಯಿತು. ನೇಗಿಲು ಹಿಡಿಯುವ ಮನೆಗಳಲ್ಲಿ ಗಂಡಸರು ಸ್ಟೇರಿಂಗ್ ಹಿಡಿದರು. ಗದ್ದೆಗಳು ಬೀಳು ಬಿದ್ದವು. ಗುಡ್ಡ ಹೋದ ಜಾಗದಲ್ಲಿ ಹೊಂಡವಾಯಿತು, ಹೊಂಡ ಹಳ್ಳಕ್ಕಿಂತ ಕೆಳಗಿಳಿಯಿತು, ಊರ ಬಾವಿಗಳು ಬತ್ತಿದವು. ಹೊಂಡದ ತಳಕ್ಕೆ ಜಿನುಗಿದ ನೀರನ್ನು ವರ್ಷವಿಡೀ ಪಂಪು ಹಚ್ಚಿ ಹೊರಗೆ ಹಾಕಬೇಕು, ಇಲ್ಲದಿದ್ದರೆ ಅದಿರು ತೆಗೆಯಲಾಗದು. ಹಾಗೆ ಹೊರಹಾಕಿದ ನೀರು ಹಳ್ಳಕ್ಕೆ ಬಂದು ಮಾವಶಿಯ ಗದ್ದೆಗೆ ಬೇಸಿಗೆಯ ಎರಡನೇ ಬೆಳೆಗೂ ಸಿಗುತ್ತಿತ್ತು. "ನನ್ನ ಬಾವಿಯ ನೀರನ್ನೇ ಕಂಪನಿ ನನಗೆ ಕೊಳವೆಯಲ್ಲಿ ಕೊಡುತ್ತದೆ," ಎಂದು ಅವರು ನಗುತ್ತಿದ್ದರು. ಆ ತಗ್ಗಿನಲ್ಲಿ ಕೊನೆಯವರೆಗೂ ಭತ್ತ ನಾಟಿ ಮಾಡಿದವರು ಅವರೊಬ್ಬರೇ.

ಆ ಪಂಪು ನಡೆಸುತ್ತಿದ್ದವನು ವಿಜಯಪುರದ ಕಡೆಯವನು. ನನಗಿಂತ ಐದಾರು ವರ್ಷ ದೊಡ್ಡವನು. ಎಲ್ಲರಿಗೂ ಅವನು ಪಂಪಿನ ಕಾಕಾ. ಓದು ಬರಹ ಇಲ್ಲ. ಆದರೆ ಪೈಪಿಗೆ ಕಿವಿ ಹಚ್ಚಿ, ಗಾಳಿ ಹಿಡಿದಿದೆಯೋ ಕಸ ಹಿಡಿದಿದೆಯೋ ಹೇಳುತ್ತಿದ್ದ. ಹೊಂಡದ ಕಲ್ಲುಗೋಡೆಯ ಮೇಲೆ ಮೂರು ಗೆರೆ ಬಳಿದಿದ್ದರು. ಕೆಳಗೆ ಬಿಳಿ, ನಡುವೆ ಹಳದಿ, ಮೇಲೆ ಕೆಂಪು. ಹಳದಿ ದಾಟಿದರೆ ಎಚ್ಚರಿಕೆ, ಕೆಂಪು ಮುಟ್ಟಿದರೆ ತಗ್ಗಿನ ಕಡೆಗೆ ಹೊಂಡದ ಅಂಚಿಗೆ ಹಾಕಿದ್ದ ಒಡ್ಡಿಗೆ ಅಪಾಯ. ಪ್ರತಿ ಶನಿವಾರ ಬೆಳಗ್ಗೆ ಅವನು ಕಚೇರಿಗೆ ಬಂದು ನೀರು ಯಾವ ಗೆರೆಯ ಹತ್ತಿರ ಇದೆ ಎಂದು ಬಾಯಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಬರೆದು ಸಹಿ ಮಾಡಿ ಪಣಜಿಯ ದೊಡ್ಡ ಕಚೇರಿಗೆ ಕಳಿಸುವುದು. ಅದೊಂದು ರೂಢಿ. ಇಬ್ಬರೂ ಚಹಾ ಕುಡಿಯುತ್ತಾ ಮುಗಿಸುತ್ತಿದ್ದ ಕೆಲಸ.

ಗಣಿ ನಿಂತಿತು. ಯಾಕೆ ನಿಂತಿತು, ಯಾರ ತಪ್ಪು ಎಂಬುದನ್ನು ಪತ್ರಿಕೆಗಳು ಸಾಕಷ್ಟು ಬರೆದಿವೆ. ನನಗೆ ನೆನಪಿರುವುದು ಆ ಮೊದಲ ಮಳೆಗಾಲ. ರಸ್ತೆ ಬದಿಯ ಮರಗಳ ಧೂಳು ತೊಳೆದು ಹೋಗಿ ಎಲೆಗಳು ಹಸಿರಾಗಿ ಕಂಡವು. ಅಷ್ಟು ಹಸಿರನ್ನು ಆ ಊರಿನ ಹರೆಯದವರು ಹುಟ್ಟಿದಾಗಿನಿಂದ ನೋಡಿರಲಿಲ್ಲ. ನೋಡಿ ಯಾರಿಗೂ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಮನೆ ಮುಂದೆ ಸಾಲಾಗಿ ನಿಂತ ಟ್ರಕ್ಕುಗಳ ಚಕ್ರದ ನಡುವೆ ಹುಲ್ಲು ಬೆಳೆಯಿತು. ಬಾಗಿಲ ಕನ್ನಡಿಗೆ ಬಳ್ಳಿ ಸುತ್ತಿಕೊಂಡಿತು. ಗ್ಯಾರೇಜಿನವನೊಬ್ಬ ಸ್ಕೂಟರಿನ ಹಿಂದೆ ಡಬ್ಬಿ ಕಟ್ಟಿಕೊಂಡು ಮೀನು ಮಾರತೊಡಗಿದ. ನಮ್ಮ ಕಡೆಯ ಕೂಲಿಯವರು ಇದ್ದ ಸಾಲುಮನೆಗಳು ಒಂದೊಂದಾಗಿ ಖಾಲಿಯಾದವು. ಬಾಗಿಲು, ಕಿಟಕಿ ಯಾರೋ ಕಿತ್ತುಕೊಂಡು ಹೋದರು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಗಂಡಸರು ಸುಮ್ಮನೆ ನಿಂತಿರುತ್ತಿದ್ದರು. ಯಾವ ಬಸ್ಸೂ ಹತ್ತುತ್ತಿರಲಿಲ್ಲ.

ನನ್ನನ್ನೂ ಕಾಕಾನನ್ನೂ ಕಂಪನಿ ಉಳಿಸಿಕೊಂಡಿತು. ಹೊಂಡ ತುಂಬದಂತೆ ನೋಡಿಕೊಳ್ಳಲು ಒಬ್ಬ, ಕಾಗದ ನೋಡಿಕೊಳ್ಳಲು ಒಬ್ಬ. ನಾನು ಆಗ ಐವತ್ತರ ಹತ್ತಿರ. ಆ ಊರಿನಲ್ಲಿ ಇನ್ನೂ ಗಣಿಯ ಸಂಬಳ ಬರುವ ಇಬ್ಬರಲ್ಲಿ ನಾನೊಬ್ಬ ಎಂಬುದು ರಸ್ತೆಯಲ್ಲಿ ನಡೆಯುವಾಗ ಬೆನ್ನಿಗೆ ತಾಗುತ್ತಿತ್ತು. ಇದೂ ಹೋದರೆ ಮುಂದೇನು ಎಂದು ದಿನಕ್ಕೆ ಹತ್ತು ಸಲ ಯೋಚಿಸುತ್ತಿದ್ದೆ.

ಮೂರನೇ ವರ್ಷ ಮಾರ್ಚಿನಲ್ಲಿ ಗಣಿಯ ಕರೆಂಟು ತೆಗೆದರು. ದೊಡ್ಡ ಪಂಪು ನಿಂತಿತು. ಉಳಿದದ್ದು ಒಂದು ಡೀಸೆಲ್ ಪಂಪು. ಅದಕ್ಕೂ ಡೀಸೆಲ್ ವಾರಕ್ಕೆ ಮೂರು ದಿನ ಬಂದರೆ ಹೆಚ್ಚು. ಏಪ್ರಿಲಿನ ಒಂದು ಶನಿವಾರ ಕಾಕಾ ಬಂದು ಹೇಳಿದ.

"ಸಾಹೇಬ್ರ, ನೀರು ಹಳದಿ ದಾಟೇತ್ರಿ. ಬ್ಯಾಸಿಗಿ ಒಳಗ ಹಿಂಗಾದ್ರ ಮಳಿಗಾಲಕ್ಕ ಏನ್ ಗತಿ?"

ನಾನು ಪಣಜಿಗೆ ಫೋನು ಮಾಡಿದೆ. ಮ್ಯಾನೇಜರು ಬೆಳಗಾವಿಯವರು, ಮಾತು ಬಹಳ ಮೃದು.

"ಹಳದಿ ದಾಟೇದ ಅಂತ ಬರದ್ರಿ ಅಂದ್ರ ನೂರಾ ಎಂಟು ಪ್ರಶ್ನಿ ಬರ್ತಾವ್ರಿ. ನಿಮ್ಮನ್ನ, ಆ ಪಂಪಿನವನನ್ನ ಇಟ್ಕೊಳ್ಳಲಿಕ್ಕೆ ನಾ ಇಲ್ಲೆ ಎಷ್ಟು ಹೊಡದಾಡಾಕತ್ತೇನಿ ನಿಮಗ ಗೊತ್ತಿಲ್ಲ. ಮೇ ತಿಂಗಳಾಗ ಹೊಸಾ ಪಂಪ್ ಬರ್ತದ. ಅಲ್ಲೀತನಕಾ ಎಂದಿನಂಗ ಬರೀರಿ."

"ಸರ್, ಆದ್ರ ನೀರು..."

"ಅಲ್ಲೀತನಕಾ ಅಷ್ಟೆ. ನಾ ಹೇಳಾಕತ್ತೇನಲ್ಲ."

ಎಂದಿನಂತೆ ಬರೆದೆ. ನೀರಿನ ಮಟ್ಟ ಹಳದಿ ಗೆರೆಯ ಕೆಳಗಿದೆ, ಸುರಕ್ಷಿತ. ಕೆಳಗೆ ಸಹಿ. ಕಾಕಾ ಎದುರಿಗೇ ಕೂತು ಬಶಿಯಲ್ಲಿ ಚಹಾ ಕುಡಿಯುತ್ತಿದ್ದ. ತಾನು ಹೇಳಿದ್ದನ್ನೇ ನಾನು ಬರೆಯುತ್ತಿದ್ದೇನೆ ಎಂದು ಅವನ ನಂಬಿಕೆ. ಮುಂದಿನ ವಾರವೂ ಹಾಗೇ ಬರೆದೆ. ಅದರ ಮುಂದಿನ ವಾರ ಕೈ ಮೊದಲಿನಷ್ಟು ತಡೆಯಲಿಲ್ಲ. ಆ ಕಾಗದಗಳು ಕಂಪನಿಯ ಯಾವುದೋ ಕಪಾಟಿನಲ್ಲಿ ಬೀಳುತ್ತವೆ, ಯಾರೂ ನೋಡುವುದಿಲ್ಲ ಎಂದುಕೊಂಡಿದ್ದೆ. ಹೆಂಡತಿಗೂ ಹೇಳಲಿಲ್ಲ.

ಮೇ ಮುಗಿಯಿತು. ಹೊಸ ಪಂಪು ಬರಲಿಲ್ಲ. ಮ್ಯಾನೇಜರು ಫೋನು ಎತ್ತುವುದನ್ನು ನಿಲ್ಲಿಸಿದರು. ಡೀಸೆಲ್ ಪೂರ್ತಿ ನಿಂತಿತು. ಜೂನಿನ ಮೊದಲ ವಾರ ಮಳೆ ಹಿಡಿಯಿತು, ಗೋವಾದ ಮಳೆ, ಒಮ್ಮೆ ಹಿಡಿದರೆ ಆಕಾಶ ಕಾಣಿಸದ ಮಳೆ. ಕಾಕಾ ತಲೆ ಮೇಲೆ ಗೊಬ್ಬರದ ಚೀಲ ಹಾಕಿಕೊಂಡು ನಮ್ಮ ಮನೆಗೆ ಬಂದ.

"ಕೆಂಪು ಗೆರೀಗೆ ಎರಡು ಕೈ ಉಳದೇತ್ರಿ. ಬಡಗಣ ಮೂಲ್ಯಾಗ ಒಡ್ಡು ಜಿನಗಾಕತ್ತೇತಿ. ಅದು ಕಲ್ಲಿನ ಒಡ್ಡಲ್ಲ, ಬರೇ ಮಣ್ಣು. ಒಡದ್ರ ನೀರು ಸೀದಾ ಇಲ್ಲೇ ಬರ್ತೇತಿ," ಎಂದು ಮಾವಶಿಯ ಅಂಗಳ ತೋರಿಸಿದ.

ಮಾವಶಿ ಆಗ ಗದ್ದೆಯಲ್ಲಿದ್ದರು. ಸಸಿಮಡಿಯಲ್ಲಿ ಭತ್ತದ ಸಸಿ ಬೆರಳುದ್ದ ಎದ್ದಿತ್ತು.

ಪಂಚಾಯತಿಯವರು ನಮ್ಮ ಕೈಯಲ್ಲೇನೂ ಇಲ್ಲ, ಪಣಜಿಗೆ ಹೋಗಿ ಎಂದರು. ಒಂದು ಅರ್ಜಿ ಬರೆದೆ. ತಗ್ಗಿನ ಮನೆಗಳವರೆಲ್ಲ ಸಹಿ ಹಾಕಿದರು. ಮೊದಲ ಹೆಬ್ಬೆಟ್ಟು ಮಾವಶಿಯದು. ಹೆಬ್ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, "ನೀನು ಓದಿದವನು ಪುತಾ, ನೀನು ಹೇಳಿದರೆ ಕೇಳುತ್ತಾರೆ," ಎಂದರು.

ನಾನೂ ಕಾಕಾನೂ ಬೆಳಗಿನ ಬಸ್ಸಿಗೆ ಹೊರಟೆವು. ಪಣಜಿಯಲ್ಲಿ ಮೊದಲು ಹೋದ ಸರಕಾರಿ ಕಚೇರಿಯವರು ಇನ್ನೊಂದಕ್ಕೆ ಕಳಿಸಿದರು, ಅಲ್ಲಿಯವರು ಊಟದ ನಂತರ ಬನ್ನಿ ಎಂದರು. ಛತ್ರಿಯಿಂದ ನೀರು ಸುರಿಸುತ್ತಾ ಮೆಟ್ಟಿಲ ಮೇಲೆ ಕೂತೆವು. ಮೂರು ಗಂಟೆಗೆ ಒಬ್ಬ ಅಧಿಕಾರಿಣಿ ಒಳಗೆ ಕರೆದರು. ಚಿಕ್ಕ ವಯಸ್ಸಿನವರು. ಅರ್ಜಿಯನ್ನು ಪೂರ್ತಿ ಓದಿದರು. ಎದ್ದು ಹೋಗಿ ಒಂದು ಫೈಲು ತಂದರು. ಹಾಳೆ ತಿರುವಿದರು, ನಿಲ್ಲಿಸಿದರು, ಮತ್ತೆ ತಿರುವಿದರು. ಆಮೇಲೆ ಫೈಲನ್ನು ನನ್ನ ಕಡೆಗೆ ತಿರುಗಿಸಿ ಹಿಂದಿಯಲ್ಲಿ ಕೇಳಿದರು.

"ಇದು ನಿಮ್ಮದೇ ಸಹಿಯಲ್ಲವೇ?"

ನನ್ನ ವರದಿಗಳ ಪ್ರತಿಗಳು. ಕಂಪನಿ ಅವನ್ನು ವಾರವಾರ ಅಲ್ಲಿಗೆ ಕಳಿಸುತ್ತಿತ್ತು.

"ಹತ್ತು ವಾರ ನೀವೇ ಬರೆದಿದ್ದೀರಿ, ನೀರು ಸುರಕ್ಷಿತ ಮಟ್ಟದಲ್ಲಿದೆ ಎಂದು. ಹೋದ ಶನಿವಾರದ್ದೂ ಇದೆ. ಇವತ್ತು ನೀವೇ ಬಂದು ಒಡ್ಡು ಒಡೆಯುತ್ತದೆ ಎನ್ನುತ್ತೀರಿ. ನಾನು ಯಾವುದನ್ನು ನಂಬಲಿ?"

ಕಾಕಾನಿಗೆ ಇಂಗ್ಲಿಷು ಬಾರದು, ಹಿಂದಿ ಚೆನ್ನಾಗಿ ಬರುತ್ತದೆ. ಅವನು ನನ್ನ ಕಡೆ ತಿರುಗಿ ನೋಡಿದ್ದು ನನಗೆ ಕೆನ್ನೆಯಲ್ಲೇ ಗೊತ್ತಾಯಿತು. ಇವು ಸುಳ್ಳು ಎಂದು ಆಗಲೇ ಹೇಳಬೇಕಿತ್ತು. ನಾನು ಹೇಳಿದ್ದು, "ಮೇಡಂ, ಈ ವಾರ ಮಳೆ ಜಾಸ್ತಿಯಾಯಿತು," ಎಂದು. ಅಷ್ಟೇ ಬಂತು ಬಾಯಿಗೆ. ಅವರು ಫೈಲು ಮುಚ್ಚಿದರು. ಯಾರನ್ನಾದರೂ ನೋಡಲು ಕಳಿಸುತ್ತೇವೆ, ಮುಂದಿನ ವಾರ, ಎಂದರು.

ಫೋಂಡಾದಲ್ಲಿ ಬಸ್ಸು ಬದಲಿಸಲು ಇಳಿದಾಗ ಕಾಕಾ ಸ್ಟ್ಯಾಂಡಿನ ಕಂಬಕ್ಕೆ ಒರಗಿ ನಿಂತು, ಮಳೆ ನೋಡುತ್ತಲೇ ಹೇಳಿದ.

"ನಾ ಹೇಳಿದ್ದೊಂದು, ನೀವು ಬರದಿದ್ದೊಂದು."

"ಕಾಕಾ, ಮ್ಯಾನೇಜರ್ ಹೇಳಿದ್ರು. ನಮ್ಮಿಬ್ರ ಕೆಲಸಾ..."

"ನನ್ನ ಕೆಲಸದ ಸಲುವಾಗಿ ಅಂತ ಹೇಳಬ್ಯಾಡ್ರಿ." ಛತ್ರಿಯ ನೀರು ಕೊಡವಿ ಅಂದ, "ಮಾವಶಿಗೆ ಈಗ ಹೇಳಬ್ಯಾಡ್ರಿ. ಹೇಳಿದ್ರ ನೀರೇನ್ ಇಳಿಯೂದಿಲ್ಲ. ಡೀಸೆಲ್ ಎಲ್ಲಿ ಸಿಗ್ತೇತಿ ನೋಡೂನು ನಡೀರಿ."

ಡೀಸೆಲ್ ಸಿಕ್ಕಿದ್ದು ನಿಂತ ಟ್ರಕ್ಕುಗಳಿಂದ. ಈ ಉಪಾಯ ಹೊಳೆದದ್ದು ಕಾಕಾನಿಗೆ. ಮರುದಿನ ಬೆಳಗ್ಗೆ ಅವನು ಮೂರು ಟ್ರಕ್ಕಿನ ಮಾಲೀಕನೊಬ್ಬನ ಮನೆ ಮುಂದೆ ಕ್ಯಾನು ಹಿಡಿದು ನಿಂತ. ಮಾಲೀಕ ಮೊದಲು ಸಿಟ್ಟು ಮಾಡಿದ. ಗಣಿ ಮತ್ತೆ ಶುರುವಾದ ದಿನ ಗಾಡಿ ಎತ್ತಲು ಬೇಕೆಂದು ಟ್ಯಾಂಕಿನ ತಳದಲ್ಲಿ ಒಂದಷ್ಟು ಉಳಿಸಿಕೊಂಡಿದ್ದನಂತೆ. ಎಲ್ಲರೂ ಹಾಗೇ ಉಳಿಸಿಕೊಂಡಿದ್ದರು. ಅವನು ಛತ್ರಿ ಹಿಡಿದು ತನ್ನ ಟ್ರಕ್ಕುಗಳ ಸುತ್ತ ಒಮ್ಮೆ ನಡೆದ. ಹಿಂತಿರುಗಿ ಬಂದು, ಬಳ್ಳಿ ಕಿತ್ತು, ಟ್ಯಾಂಕಿನ ಮುಚ್ಚಳ ತೆಗೆದು, ರಬ್ಬರ್ ಪೈಪು ಬಾಯಿಗಿಟ್ಟು ತಾನೇ ಎಳೆದ. ಕೆಮ್ಮಿ ಉಗುಳಿದ. ಅವನು ಕೊಟ್ಟನೆಂದು ಸುದ್ದಿಯಾದ ಮೇಲೆ ಉಳಿದವರೂ ಕೊಟ್ಟರು. ಊರು ತನ್ನ ಕೊನೆಯ ಆಸೆಯನ್ನು ಕ್ಯಾನುಗಳಲ್ಲಿ ಹೊತ್ತು ಗುಡ್ಡ ಹತ್ತಿತು. ನಾನೂ ಹೊತ್ತೆ. ಹೊರುವಾಗ ಯಾರೋ, "ಬಾಬು, ನೀವು ಬಿಡಿ, ನಿಮಗೆ ಅಭ್ಯಾಸವಿಲ್ಲ," ಎಂದು ಕೈಯಿಂದ ತೆಗೆದುಕೊಂಡರು. ನಾನು ಹಿಂತಿರುಗಿ ಇನ್ನೊಂದು ಕ್ಯಾನು ಎತ್ತಿಕೊಂಡೆ.

ಆರು ದಿನ ಪಂಪು ನಡೆಯಿತು. ಒಡ್ಡಿನ ಮೂಲೆಗೆ ಮಣ್ಣು ತುಂಬಿದ ಚೀಲ ಒಟ್ಟಿದೆವು. ಹೆಂಡತಿ ಗುಡ್ಡಕ್ಕೇ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ತರುತ್ತಿದ್ದಳು. ಅವಳು ಬಂದಾಗಲೆಲ್ಲ ಮಾವಶಿಯ ಸುದ್ದಿ ಕೇಳುತ್ತಿದ್ದೆ. ಮಾವಶಿ ನಾಟಿಗೆ ಗದ್ದೆ ಹದ ಮಾಡುತ್ತಿದ್ದಾರೆ ಎನ್ನುತ್ತಿದ್ದಳು. ನೀರು ಒಂದು ಗೇಣು ಇಳಿಯಿತು, ಒಂದು ರಾತ್ರಿಯ ಮಳೆಗೆ ಒಂದೂವರೆ ಗೇಣು ಏರಿತು. ವರ್ಷಗಟ್ಟಲೆ ನಿಂತ ಟ್ಯಾಂಕುಗಳ ಡೀಸೆಲ್ಲಿನಲ್ಲಿ ತುಕ್ಕು, ನೀರು, ಕಸ. ಪಂಪು ತಾಸಿಗೊಮ್ಮೆ ಕೆಮ್ಮಿ ನಿಲ್ಲುತ್ತಿತ್ತು. ಕಾಕಾ ಫಿಲ್ಟರು ಬಿಚ್ಚಿ, ಬಾಯಿಂದ ಊದಿ, ಅಂಗಿಯ ಅಂಚಿನಿಂದ ಒರೆಸಿ ಮತ್ತೆ ಹಾಕುತ್ತಿದ್ದ. ಪಣಜಿಯಿಂದ ಯಾರೂ ಬರಲಿಲ್ಲ. ಆ ಸರಕಾರಿ ಕಚೇರಿಗೆ ನಾನು ದಿನಕ್ಕೆ ಐದಾರು ಸಲ ಫೋನು ಮಾಡಿದೆ. ಒಂದು ಸಲ ಯಾರೋ ಎತ್ತಿ, ಮೇಡಂ ಮೀಟಿಂಗಿನಲ್ಲಿದ್ದಾರೆ ಎಂದರು.

ಏಳನೇ ದಿನ ಮಧ್ಯಾಹ್ನ ಪಂಪು ಜಾಮಾಯಿತು. ಕಾಕಾ ಹ್ಯಾಂಡಲು ಹಾಕಿ ತಿರುಗಿಸಿದ. ನಾನೂ ಅಲ್ಲಿದ್ದ ಇನ್ನೊಬ್ಬನೂ ಕೈ ಹಚ್ಚಿ ತಿರುಗಿಸಿದೆವು. ಅದು ಅಲುಗಲಿಲ್ಲ. ಕಾಕಾ ಹ್ಯಾಂಡಲು ನೆಲಕ್ಕೆ ಹಾಕಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತ. ಆಮೇಲೆ ಎದ್ದು ಹೇಳಿದ, "ಓಡ್ರಿ. ತೆಳಗಿನವರನ್ನ ಎಬ್ಬಸ್ರಿ."

ನಾನು ಆ ವಯಸ್ಸಿನಲ್ಲಿ ಹಾಗೆ ಓಡಿದ್ದು ಅದೊಂದೇ ಸಲ. ತಗ್ಗಿನ ಮನೆಗಳವರು ಕೈಗೆ ಸಿಕ್ಕಿದ್ದನ್ನು ಹಿಡಿದು ದೇವಸ್ಥಾನದ ಕಡೆಗೆ ಹತ್ತಿದರು. ಮಾವಶಿ ಹೊರಡಲು ಒಪ್ಪಲಿಲ್ಲ. ನಾಟಿಗೆಂದು ಕಿತ್ತು ಕಟ್ಟಿಟ್ಟ ಸಸಿಯ ಸೂಡುಗಳು ಅಂಗಳದಲ್ಲಿದ್ದವು. ಅವನ್ನು ಬುಟ್ಟಿಗೆ ತುಂಬುತ್ತಿದ್ದರು. ಹೆಂಡತಿ ಅವರ ರಟ್ಟೆ ಹಿಡಿದೆಳೆದಳು. ನಾನು ಎರಡು ಹಸುಗಳ ಹಗ್ಗ ಬಿಚ್ಚಿದೆ. ದೇವಸ್ಥಾನದ ಮೆಟ್ಟಿಲು ಹತ್ತಿ ಅರ್ಧ ತಾಸೂ ಆಗಿರಲಿಲ್ಲ, ಒಡ್ಡು ಒಡೆಯಿತು.

ದೊಡ್ಡ ಸದ್ದು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಬಡಗಣ ಮೂಲೆಯ ಮಣ್ಣು ಮೆತ್ತಗೆ ಕುಸಿಯಿತು, ಅಷ್ಟೇ. ಆಮೇಲೆ ಕೆಂಪು ನೀರು, ನೀರಿಗಿಂತ ಹೆಚ್ಚು ಕೆಸರು, ನಡೆದುಕೊಂಡು ಬಂದ ಹಾಗೆ ಬಂತು. ಮೊದಲು ಹಳ್ಳ ತುಂಬಿತು, ಆಮೇಲೆ ಗದ್ದೆಯ ಬದುಗಳು ಒಂದರ ಹಿಂದೊಂದು ಕಾಣಿಸದಾದವು. ನಮ್ಮ ಎರಡು ಕೋಣೆಯ ಹಿಂಗೋಡೆ ಬಿತ್ತು. ಮಾವಶಿಯ ಮನೆ ನಿಂತಿತು, ತುಳಸಿಕಟ್ಟೆಯ ತುದಿ ಮಾತ್ರ ಕೆಸರಿನ ಮೇಲೆ ಕಾಣುತ್ತಿತ್ತು. ಯಾರೂ ಸಾಯಲಿಲ್ಲ. ಮಾವಶಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, "ಇವನ್ನು ಎಲ್ಲಿ ನೆಡಲಿ?" ಎಂದು ನನ್ನ ಹೆಂಡತಿಯನ್ನು ಕೇಳಿದರು.

ಮರುದಿನ ಜೀಪುಗಳು ಬಂದವು. ಫೋಟೋ ತೆಗೆದರು, ಟೇಪು ಹಿಡಿದು ಅಳೆದರು. ಗದ್ದೆಯ ಮೇಲೆ ತೊಡೆಯುದ್ದ ಗಣಿಯ ಮಣ್ಣು ಕೂತಿತ್ತು. ಅದರಲ್ಲಿ ಏನೂ ಬೆಳೆಯುವುದಿಲ್ಲ. ಪರಿಹಾರದ ಅರ್ಜಿಗಳಿಗೆ ಆರು ತಿಂಗಳ ನಂತರ ಉತ್ತರ ಬಂತು. ನೀರಿನ ಮಟ್ಟ ಕೊನೆಯವರೆಗೂ ಸುರಕ್ಷಿತವಾಗಿತ್ತೆಂದು ಸ್ಥಳದ ವರದಿಗಳು ತೋರಿಸುತ್ತವೆ, ಆದ್ದರಿಂದ ಇದು ಅತಿವೃಷ್ಟಿಯಿಂದಾದ ಆಕಸ್ಮಿಕ, ಕಂಪನಿಯ ಹೊಣೆಯಿಲ್ಲ ಎಂದು. ಆ ಇಂಗ್ಲಿಷ್ ಕಾಗದವನ್ನು ಮಾವಶಿ ನನ್ನ ಕೈಗೇ ಕೊಟ್ಟು ಓದಿಸಿದರು. ಅಲ್ಲಿಯ ಒಂದು ಸಾಲನ್ನು ನುಂಗಿ ಉಳಿದದ್ದನ್ನು ಕೊಂಕಣಿಯಲ್ಲಿ ಹೇಳಿದೆ. ಮಳೆಯಿಂದಾಯಿತಂತೆ, ಎಂದೆ. "ಮಳೆ ನಾನು ಹುಟ್ಟಿದಾಗಿನಿಂದ ಬರುತ್ತಿದೆ," ಎಂದರು ಅವರು.

ಕೆಲಸ ಹೋಯಿತು. ನಾವು ಫೋಂಡಾಕ್ಕೆ ಬಂದೆವು. ಒಂದು ಟೈಲ್ಸ್ ಅಂಗಡಿಯ ಗೋದಾಮಿನಲ್ಲಿ ಸರಕು ಇಳಿಸಿಕೊಳ್ಳುವ ಕೆಲಸ ಸಿಕ್ಕಿತು. ರಸೀದಿಗೆ ಸಹಿ ಹಾಕುವಾಗ ಈಗಲೂ ಪೆಟ್ಟಿಗೆಗಳನ್ನು ಎರಡು ಸಲ ಎಣಿಸುತ್ತೇನೆ. ಹೆಂಡತಿಗೆ ಎಲ್ಲ ಹೇಳಿದೆ. ಐದನೆಯ ದಿನ, "ಆ ಮುದುಕಿ ಮುಂದ ಯಾವಾಗ ಹೇಳ್ತೀರಿ?" ಎಂದು ಕೇಳಿದಳು. ಅಂಗಡಿಗೆ ಹೊತ್ತಾಯಿತೆಂದು ನಾನು ಚಪ್ಪಲಿ ಮೆಟ್ಟಿ ಹೊರಟೆ. ಅವಳು ಮತ್ತೆ ಕೇಳಲಿಲ್ಲ, ಆದರೆ ಊಟಕ್ಕೆ ಬಡಿಸುವಾಗ ನನ್ನ ಮುಖ ನೋಡುವುದನ್ನು ಬಿಟ್ಟಳು.

ಕಾಕಾ ಝುವಾರಿನಗರದಲ್ಲಿ ಮಗಳ ಮನೆ ಸೇರಿದ್ದ. ಕಳೆದ ವರ್ಷ ಹುಡುಕಿಕೊಂಡು ಹೋದೆ. ಒಂದಕ್ಕೊಂದು ಅಂಟಿಕೊಂಡ ತಗಡಿನ ಮನೆಗಳು, ನಡುವೆ ಒಬ್ಬರೇ ನಡೆಯುವಷ್ಟು ಓಣಿ. ಅವನು ಲಾರಿಗೆ ಚೀಲ ಹೇರುವ ಕೆಲಸಕ್ಕೆ ಹೋಗುತ್ತಿದ್ದ. ಅರವತ್ತು ದಾಟಿದವನ ಬೆನ್ನು ಬಾಗಿ ಹೋಗಿತ್ತು. ನನ್ನನ್ನು ನೋಡಿ, "ಬರ್ರಿ ಸಾಹೇಬ್ರ, ಕುಂಡ್ರಿ," ಎಂದು ಇದ್ದ ಒಂದು ಕುರ್ಚಿ ಒರೆಸಿ ಕೊಟ್ಟ. ಬರೀ ನೆಲದ ಮೇಲೆ ಅವನು ಕೂತ. ನಾನು ಕ್ಷಮೆ ಕೇಳಿದೆ.

"ನೀವು ಬರೀಲಿಲ್ಲಂದ್ರ ಅವರು ಮತ್ತೊಬ್ಬನ್ನ ತಂದು ಬರಸ್ತಿದ್ರು," ಎಂದ.

"ನೀನಾಗಿದ್ರ ಬರೀತಿದ್ದೇನು ಕಾಕಾ?"

ಅವನು ತನ್ನ ಅಂಗೈ ನೋಡಿಕೊಂಡ. "ನಂಗ ಬರಿಯಾಕ ಬರೂದಿಲ್ಲಲ್ರಿ," ಎಂದ. ಚಹಾ ತರಲು ಎದ್ದು ಹೋದ.

ಗಣಿ ಮತ್ತೆ ಶುರುವಾಗುತ್ತದಂತೆ ಎಂದು ಈಗ ಎಲ್ಲ ಕಡೆ ಮಾತು. ಈ ಮಳೆಗಾಲಕ್ಕೆ ಮುಂಚೆ, ಒಂದು ಭಾನುವಾರ, ನಾನೊಬ್ಬನೇ ಆ ಊರಿಗೆ ಹೋದೆ. ಟ್ರಕ್ಕುಗಳಲ್ಲಿ ಅರ್ಧಕ್ಕರ್ಧ ಗುಜರಿಗೆ ಹೋಗಿವೆ. ಮಾವಶಿ ಜಗುಲಿಯಲ್ಲಿ ಕೂತು ಕೊಕಂ ಹಣ್ಣಿನ, ನಮ್ಮ ಕಡೆಯ ಮುರುಗಲಿನ, ಸಿಪ್ಪೆ ಬಿಡಿಸುತ್ತಿದ್ದರು. ಬಹಳ ಸಣಕಲಾಗಿದ್ದರು. ಗದ್ದೆಯ ಮೇಲೆ ಒಣ ಕೆಂಪು ಮಣ್ಣು ಬಿರುಕು ಬಿಟ್ಟು ಬಿದ್ದಿತ್ತು. ಹಸುಗಳನ್ನು ಯಾರಿಗೋ ಕೊಟ್ಟರಂತೆ. ಸರಕಾರದ ರೇಷನ್ನು ಅಕ್ಕಿ ಚೆನ್ನಾಗಿಲ್ಲ, ಗಂಜಿ ಗಟ್ಟಿಯಾಗುವುದಿಲ್ಲ ಎಂದರು. ಹೆಂಡತಿ ಹೇಗಿದ್ದಾಳೆ ಎಂದು ಕೇಳಿದರು.

ಆಗ ಹೇಳಿದೆ. ನನ್ನ ಮುರುಕು ಕೊಂಕಣಿಯಲ್ಲಿ, ಮೂರು ಗೆರೆಗಳಿಂದ ಶುರುಮಾಡಿ, ಪಣಜಿಯ ಫೈಲಿನವರೆಗೆ, ಪರಿಹಾರದ ಕಾಗದದಲ್ಲಿ ನಾನು ನುಂಗಿದ ಸಾಲಿನವರೆಗೆ. ಅವರು ಕೆಲಸ ನಿಲ್ಲಿಸದೆ ಕೇಳಿದರು. ಬೆರಳುಗಳು ಕೊಕಮ್ಮಿನ ರಸಕ್ಕೆ ಕೆಂಪಾಗಿದ್ದವು. ನಾನು ಮುಗಿಸಿದ ಮೇಲೆ ಒಂದೇ ಕೇಳಿದರು.

"ಎಷ್ಟು ವಾರ?"

"ಹತ್ತು."

ಅವರು ಕೈ ತೊಳೆದುಕೊಂಡು ಒಳಗೆ ಹೋದರು. ನೀರು ತರಲು ಹೋಗಿರಬಹುದು ಎಂದುಕೊಂಡೆ, ಆ ಮನೆಯಲ್ಲಿ ಬಂದವರಿಗೆ ನೀರು ಬೆಲ್ಲ ಕೊಡದೆ ಕಳಿಸಿದ್ದು ನಾನು ಕಂಡಿಲ್ಲ. ಕಾದೆ. ಒಳಗೆ ಅವರು ಓಡಾಡುವುದು ಕೇಳುತ್ತಿತ್ತು, ಪಾತ್ರೆಯ ಸದ್ದು ಮಾತ್ರ ಇಲ್ಲ. ಒಂದು ಸಲ ಮಾವಶಿ ಎಂದು ಕರೆದೆ. ಹನ್ನೆರಡೂವರೆಯ ಬಸ್ಸು ಹೋಯಿತು, ಎರಡು ಗಂಟೆಯದೂ ಹೋಯಿತು. ಜಗುಲಿಯ ಬಿಸಿಲು ಕಾಲಿನ ಮೇಲೆ ಬಂತು. ನಾಲ್ಕರ ಬಸ್ಸಿನ ಹಾರ್ನು ಕೇಳಿದಾಗ ಎದ್ದೆ. ಬಾಗಿಲು ತೆರೆದೇ ಇತ್ತು. ಒಳಗೆ ಹೋಗುವ ಧೈರ್ಯವಾಗಲಿಲ್ಲ.